ಕ್ಲಚ್ ಸ್ವಿಚ್ ಬದಲಿಸದೆ ‘ಡೈರೆಕ್ಟ್’ ಮಾಡಿ ಕೊಟ್ಟಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವೀಸ್ ವಿಭಾಗ,
ಅಧಿಕೃತ ದ್ವಿಚಕ್ರ ವಾಹನ ಸರ್ವೀಸ್ ಕೇಂದ್ರ,
ತುಮಕೂರು.

ವಿಷಯ: ಗೇರ್‌ನಲ್ಲಿದ್ದಾಗ ಕ್ಲಚ್ ಹಿಡಿಯದೆಯೂ ಸೆಲ್ಫ್ ತಗೊಳ್ಳುವಂತೆ ವೈರ್ ಜೋಡಿಸಿರುವುದು.

ಮಾನ್ಯರೇ,

ಲಗತ್ತಿಸಿರುವ ಜಾಬ್ ಕಾರ್ಡ್‌ನಲ್ಲಿ ದೂರು ಸ್ಪಷ್ಟವಾಗಿದೆ: ‘ನ್ಯೂಟ್ರಲ್‌ನಲ್ಲಿ ಸೆಲ್ಫ್ ಸರಿ, ಗೇರ್‌ನಲ್ಲಿ ಕ್ಲಚ್ ಹಿಡಿದರೆ ಸೆಲ್ಫ್ ಇಲ್ಲ.’ ಬಿಲ್‌ನಲ್ಲಿ ‘ವೈರಿಂಗ್ ಚೆಕ್, ಸರಿಪಡಿಸಲಾಗಿದೆ’ ಎಂದಷ್ಟೇ ಇದೆ, ಬಿಡಿಭಾಗದ ಸಾಲು ಖಾಲಿ. ಕ್ಲಚ್ ಲಿವರ್ ಕೆಳಗಿನ ಸ್ವಿಚ್‌ನ ಎರಡೂ ವೈರ್‌ಗಳನ್ನು ಕತ್ತರಿಸಿ, ಒಂದಕ್ಕೊಂದು ಹೊಸೆದು (‘ಡೈರೆಕ್ಟ್’ ಎನ್ನುವುದು ಇದಕ್ಕೇ), ಕಪ್ಪು ಟೇಪ್ ಸುತ್ತಿ ಹೆಡ್‌ಲೈಟ್ ಹಿಂದಕ್ಕೆ ತುರುಕಿದ್ದಾರೆ. ಫೋಟೊ ಜೊತೆಗಿದೆ.

ನ್ಯೂಟ್ರಲ್‌ನಲ್ಲಿ ಸೆಲ್ಫ್ ತಗೊಳ್ಳುತ್ತಿದೆ ಎಂದರೆ ಬ್ಯಾಟರಿ, ಫ್ಯೂಸ್, ಕಿಲ್ ಸ್ವಿಚ್, ಸೆಲ್ಫ್ ಬಟನ್, ರಿಲೇ (ಬಟನ್ ಒತ್ತಿದಾಗ ಮೋಟಾರ್‌ಗೆ ಕರೆಂಟ್ ಬಿಡುವ ಸ್ವಿಚ್), ಮೋಟಾರ್ ಎಲ್ಲವೂ ಚೆನ್ನಾಗಿವೆ. ಈ ಬೈಕ್‌ನಲ್ಲಿ ಬಟನ್ ಒತ್ತಿದಾಗ ರಿಲೇ ಕಾಯಿಲ್‌ನ ಒಂದು ತುದಿಗೆ 12 ವೋಲ್ಟ್ ಬರುತ್ತದೆ. ಇನ್ನೊಂದು ತುದಿಗೆ ಅರ್ತ್ ಸಿಗಬೇಕು, ಅದಕ್ಕಿರುವುದು ಎರಡೇ ದಾರಿ. ಒಂದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೂಲಕ, ನ್ಯೂಟ್ರಲ್‌ನಲ್ಲಿ ಮಾತ್ರ ಅರ್ತ್ ಕೊಡುವ ನ್ಯೂಟ್ರಲ್ ಸ್ವಿಚ್‌ಗೆ. ಇನ್ನೊಂದು, ಕ್ಲಚ್ ಸ್ವಿಚ್ ದಾಟಿ, ಸ್ಟ್ಯಾಂಡ್ ಎತ್ತಿದ್ದಾಗ ಮಾತ್ರ ಅರ್ತ್ ಕೊಡುವ ಸೈಡ್ ಸ್ಟ್ಯಾಂಡ್ ಸ್ವಿಚ್‌ಗೆ. ಬೈಕ್ ನಿಮ್ಮಲ್ಲಿಗೆ ಬಂದಾಗ ಮೊದಲ ದಾರಿ ಸರಿಯಿತ್ತು, ಎರಡನೆಯದು ಕಡಿದಿತ್ತು. ಹುಡುಕಬೇಕಾಗಿದ್ದದ್ದು ಎರಡು ಸ್ವಿಚ್, ಅವುಗಳ ಕನೆಕ್ಟರ್, ಮಧ್ಯದ ವೈರ್, ಅಷ್ಟೇ.

ಹಳೆಯ ಸ್ವಿಚ್ ಇನ್ನೂ ಲಿವರ್ ಕೆಳಗೇ ಕೂತಿದೆ. ಲಿವರ್ ಬಿಟ್ಟಾಗ ಅದರ ಸಣ್ಣ ಪ್ಲಾಸ್ಟಿಕ್ ಪಿನ್ ಒಳಕ್ಕೆ ಒತ್ತಿಕೊಂಡಿರುತ್ತದೆ, ಆಗ ಸಂಪರ್ಕ ಇರುವುದಿಲ್ಲ. ಲಿವರ್ ಹಿಡಿದಾಗ ಸ್ಪ್ರಿಂಗ್ ಪಿನ್ನನ್ನು ಹೊರಕ್ಕೆ ತಳ್ಳಬೇಕು, ಆಗ ಸಂಪರ್ಕ ಆಗಬೇಕು. ಇಲ್ಲಿ ಧೂಳೂ ಹಳೇ ಗ್ರೀಸೂ ಸೇರಿ ಗಟ್ಟಿಯಾಗಿ ಪಿನ್ ಒಳಗೇ ಸಿಕ್ಕಿಕೊಂಡಿದೆ. ಟರ್ಮಿನಲ್ ಮೇಲೆ ಹಸಿರು ಕಿಲುಬೂ ಇದೆ. ಪ್ರೆಷರ್ ವಾಶ್ ಮಾಡುವಾಗ ಲಿವರ್ ಬುಡಕ್ಕೆ ನೇರವಾಗಿ ನೀರು ಹೊಡೆದರೆ ಆಗುವುದು ಇದೇ, ಅದನ್ನೂ ನಿಮ್ಮ ವಾಶಿಂಗ್ ಹುಡುಗರಿಗೆ ಹೇಳುವುದು ಒಳ್ಳೆಯದು. ಮಲ್ಟಿಮೀಟರ್‌ನ ಎರಡು ಮೊನೆಗಳನ್ನು ಸ್ವಿಚ್‌ನ ಎರಡು ಟರ್ಮಿನಲ್‌ಗೆ ಇಟ್ಟು ಲಿವರ್ ಒಮ್ಮೆ ಹಿಡಿದು ಬಿಟ್ಟಿದ್ದರೆ ಸಾಕಿತ್ತು. ಹಿಡಿದಾಗ 1 ಓಮ್‌ಗಿಂತ ಕಡಿಮೆ, ಬಿಟ್ಟಾಗ ಓಪನ್ (ಸಂಪರ್ಕ ಇಲ್ಲ) ತೋರಿಸಬೇಕು. ಈ ಸ್ವಿಚ್ ಎರಡೂ ಸಲ ಓಪನ್ ತೋರಿಸುತ್ತದೆ. ಒಂದು ಸ್ಕ್ರೂ ಬಿಚ್ಚಿ ಹೊಸದು ಕೂರಿಸುವ ಕೆಲಸ. ವೈರ್ ಕತ್ತರಿಸಿ ಹೊಸೆಯಲು ಹಿಡಿದಷ್ಟು ಹೊತ್ತೂ ಬೇಕಾಗಿರಲಿಲ್ಲ.

ಈಗ ಕ್ಲಚ್ ಮುಟ್ಟದೆ, ಯಾವ ಗೇರ್‌ನಲ್ಲಿದ್ದರೂ, ಬಟನ್ ಒತ್ತಿದರೆ ಮೋಟಾರ್ ತಿರುಗುತ್ತದೆ. ಕ್ರ್ಯಾಂಕ್ ಜೊತೆಗೆ ಹಿಂದಿನ ಚಕ್ರವೂ ತಿರುಗಿ ಬೈಕ್ ಮುಂದಕ್ಕೆ ಜಿಗಿಯುತ್ತದೆ. ನಿಮ್ಮ ಹುಡುಗರು ಡೆಲಿವರಿ ಮುಂಚೆ ಇದನ್ನು ಗಮನಿಸದಿರಲು ಕಾರಣವೂ ಊಹಿಸಬಹುದು. ಸೈಡ್ ಸ್ಟ್ಯಾಂಡ್ ಇಳಿಸಿದ್ದರೆ ಎರಡನೇ ದಾರಿ ಹೇಗೂ ಮುಚ್ಚಿರುತ್ತದೆ. ಹಾಗಾಗಿ ಗೇರ್‌ನಲ್ಲಿ ಸೆಲ್ಫ್ ತಗೊಳ್ಳುವುದಿಲ್ಲ, ನ್ಯೂಟ್ರಲ್‌ನಲ್ಲಿ ತಗೊಳ್ಳುತ್ತದೆ, ನೋಡುವವರಿಗೆ ಎಲ್ಲ ಸರಿ ಎಂದೇ ಕಾಣುತ್ತದೆ. ಸ್ಟ್ಯಾಂಡ್ ಎತ್ತಿದ ಮೇಲೆ ಬಣ್ಣ ಬಯಲು. ಸವಾರ ಬಟನ್ ಒತ್ತುವುದೂ ಸ್ಟ್ಯಾಂಡ್ ಎತ್ತಿದ ಮೇಲೆಯೇ.

‘ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿ ಸಾರ್, ಏನೂ ಆಗಲ್ಲ’ ಎಂದು ನಿಮ್ಮ ಸಲಹೆಗಾರರು ಹೇಳಿದರು. ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡುವುದು ಒಳ್ಳೆಯ ಅಭ್ಯಾಸವೇ. ಅದನ್ನು ಮರೆತ ದಿನಕ್ಕೆಂದೇ ಈ ಸ್ವಿಚ್ ಇರುವುದು. ಇಳಿಜಾರಿನಲ್ಲಿ ಫಸ್ಟ್ ಗೇರ್ ಹಾಕಿ ನಿಲ್ಲಿಸುವುದು ಎಲ್ಲರೂ ಮಾಡುವ, ಮಾಡಬೇಕಾದ ಕೆಲಸ. ವಾಪಸ್ ಬಂದು ಸ್ಟ್ಯಾಂಡ್ ಎತ್ತಿ, ಗೇರ್ ನೆನಪಿಲ್ಲದೆ ಬಟನ್ ಒತ್ತಿದರೆ? 150 ಸಿಸಿ ಬೈಕ್‌ನಲ್ಲಿ ಎಂಜಿನ್‌ನಿಂದ ಚಕ್ರದವರೆಗೆ ಫಸ್ಟ್ ಗೇರ್‌ನ ಒಟ್ಟು ಅನುಪಾತ ಹೆಚ್ಚುಕಡಿಮೆ 30ಕ್ಕೆ 1, ಅಂದರೆ ಎಂಜಿನ್ 30 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಬರೀ ಸ್ಟಾರ್ಟರ್ ಮೋಟಾರ್ ತಿರುಗಿದರೆ ಬೈಕ್ ಒಂದೆರಡು ಅಡಿ ಹಾರಿ ನಿಲ್ಲಬಹುದು. ಎಂಜಿನ್ ಸ್ಟಾರ್ಟ್ ಆದರೆ 1400 ಆರ್‌ಪಿಎಂ ಐಡ್ಲಿಂಗ್‌ನಲ್ಲೇ ಗಂಟೆಗೆ ಸುಮಾರು 5 ಕಿ.ಮೀ. ವೇಗ, ಗಾಬರಿಯಲ್ಲಿ ಕೈ ಆಕ್ಸಿಲರೇಟರ್ ಹಿಂಡಿದರೆ ಇನ್ನೂ ಹೆಚ್ಚು. ಮಂಡಿಪೇಟೆಯಲ್ಲಿ ಬೈಕ್‌ನ ಮುಂದಿನ ಚಕ್ರಕ್ಕೆ ಅಂಟಿಕೊಂಡಂತೆ ಜನ ನಿಂತಿರುತ್ತಾರೆ. ಕೀ ಆನ್ ಇದ್ದಾಗ ಟ್ಯಾಂಕ್ ಮೇಲೆ ಕೂತ ಮಗು ಬಟನ್ ಒತ್ತುವುದು ಯಾರ ಮನೆಯಲ್ಲಿ ಇಲ್ಲ?

ಹಾಗೆಂದು ಕ್ಲಚ್ ದಾರಿಯನ್ನು ಕಡಿದ ಸ್ಥಿತಿಯಲ್ಲೇ ಬಿಡಿ ಎಂದೂ ಹೇಳುತ್ತಿಲ್ಲ. ದೇವರಾಯನದುರ್ಗದ ಏರಿನಲ್ಲಿ ಎಂಜಿನ್ ಆಫ್ ಆದರೆ, ಹಿಂಬದಿ ಸವಾರರೂ ಇದ್ದಾಗ, ಬ್ರೇಕ್ ಹಿಡಿದುಕೊಂಡೇ ನ್ಯೂಟ್ರಲ್ ಹುಡುಕುವುದು ಸುಲಭವಲ್ಲ. ಗೇರ್‌ನಲ್ಲೇ ಕ್ಲಚ್ ಹಿಡಿದು ಸ್ಟಾರ್ಟ್ ಮಾಡುವ ಸೌಲಭ್ಯ ಕೊಟ್ಟಿರುವುದು ಇಂಥ ಜಾಗಕ್ಕೇ.

ಇನ್ನೊಂದು ವಿಷಯ. ಸ್ವಿಚ್‌ಗೆ ಗೊತ್ತಾಗುವುದು ಲಿವರ್ ಮಾತ್ರ, ಒಳಗಿನ ಪ್ಲೇಟ್‌ಗಳು ಬಿಟ್ಟಿವೆಯೋ ಇಲ್ಲವೋ ಅದಕ್ಕೆ ತಿಳಿಯದು. ಕೇಬಲ್ ಸಡಿಲವಿದ್ದರೆ ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪೂರ್ತಿ ಬಿಡದೆ ಬೈಕನ್ನು ಎಳೆಯುತ್ತಲೇ ಇರುತ್ತದೆ. ಚಳಿಗಾಲದ ಬೆಳಗ್ಗೆ ಆಯಿಲ್ ಮಂದವಾಗಿದ್ದಾಗ ಪ್ಲೇಟ್‌ಗಳು ಅಂಟಿಕೊಂಡು ಇದು ಹೆಚ್ಚು. ಆದ್ದರಿಂದ ಹೊಸ ಸ್ವಿಚ್ ಹಾಕಿದ ಮೇಲೆ ಲಿವರ್ ತುದಿಯ ಫ್ರೀ ಪ್ಲೇ (ಕೇಬಲ್ ಬಿಗಿಯಾಗುವ ಮುಂಚಿನ ಸಡಿಲ ಚಲನೆ) ಕೂಡ ಮಾಲೀಕರ ಕೈಪಿಡಿಯ ಅಳತೆಗೆ ತರಬೇಕು. ಬಹಳ ಬೈಕ್‌ಗಳಲ್ಲಿ ಅದು 10ರಿಂದ 20 ಮಿ.ಮೀ.

ನನ್ನ ಬೇಡಿಕೆ: ಹೊಸೆದ ವೈರ್ ಬಿಚ್ಚಿ ಕಂಪನಿಯ ಮೂಲ ಕ್ಲಚ್ ಸ್ವಿಚ್ ಹಾಕಬೇಕು. ಕತ್ತರಿಸಿದ ವೈರ್‌ಗಳನ್ನು ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು, ಮತ್ತೆ ಟೇಪ್ ಬೇಡ. ಸ್ವಿಚ್‌ನ ಬೆಲೆ ಕೊಡಲು ಸಿದ್ಧ, ಕೂಲಿ ಕೊಡುವುದಿಲ್ಲ.

ಆಮೇಲೆ ನನ್ನೆದುರು ಪರೀಕ್ಷೆ ಆಗಬೇಕು. ಬೈಕ್ ಸೆಂಟರ್ ಸ್ಟ್ಯಾಂಡ್ ಮೇಲೆ, ಹಿಂದಿನ ಚಕ್ರ ನೆಲ ಬಿಟ್ಟು, ಮುಂದೆ ಯಾರೂ ನಿಲ್ಲದೆ. ಸೈಡ್ ಸ್ಟ್ಯಾಂಡ್ ಎತ್ತಿ, ಫಸ್ಟ್ ಗೇರ್‌ನಲ್ಲಿ, ಕ್ಲಚ್ ಬಿಟ್ಟು ಬಟನ್ ಒತ್ತಿದರೆ ರಿಲೇಯ ‘ಟಿಕ್’ ಶಬ್ದವೂ ಬರಬಾರದು. ಕ್ಲಚ್ ಹಿಡಿದರೆ ಸ್ಟಾರ್ಟ್ ಆಗಬೇಕು. ಎಂಜಿನ್ ಆಫ್ ಮಾಡಿ, ಅದೇ ಗೇರ್‌ನಲ್ಲಿ ಸೈಡ್ ಸ್ಟ್ಯಾಂಡ್ ಇಳಿಸಿ ಕ್ಲಚ್ ಹಿಡಿದು ಒತ್ತಿದರೆ ಆಗಬಾರದು. ಸ್ಟ್ಯಾಂಡ್ ಎತ್ತಿ, ಗೇರ್‌ನಲ್ಲಿ ಕ್ಲಚ್ ಹಿಡಿದಾಗ ನ್ಯೂಟ್ರಲ್ ದೀಪ ಹತ್ತಿದರೆ ಡಯೋಡ್ ಶಾರ್ಟ್ ಆಗಿದೆ ಎಂದರ್ಥ, ಅದನ್ನೂ ನೋಡಿ. ಫಲಿತಾಂಶವನ್ನು ಜಾಬ್ ಕಾರ್ಡ್‌ನಲ್ಲಿ ಬರೆದು ಸಹಿ ಮಾಡಿ ಕೊಡಿ.

‘ಸೆಲ್ಫ್ ತೊಂದರೆ’ ಎಂದು ನಿಮ್ಮಲ್ಲಿಗೆ ಬಂದು, ಯಾವ ಬಿಡಿಭಾಗವೂ ಇಲ್ಲದೆ ‘ಸರಿಪಡಿಸಲಾಗಿದೆ’ ಎಂದು ಹೋದ ಬೇರೆ ಬೈಕ್‌ಗಳ ಜಾಬ್ ಕಾರ್ಡ್‌ಗಳನ್ನೂ ತೆಗೆದು ನೋಡಿ. ಆ ಮಾಲೀಕರಿಗೆ ಫೋನ್ ಮಾಡಿ ಕರೆಸಿ. ತಮ್ಮ ಬೈಕ್‌ನಲ್ಲಿ ಏನು ಡೈರೆಕ್ಟ್ ಆಗಿದೆ ಎಂದು ಅವರಿಗೆ ಗೊತ್ತಿರುವ ಸಾಧ್ಯತೆ ಕಡಿಮೆ.

ಸುರಕ್ಷತಾ ಸ್ವಿಚ್ ತೆಗೆದು ಬಿಲ್‌ನಲ್ಲಿ ಹೇಳದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆ. ಕಲಂ 2(11)ರಲ್ಲಿ, ಗೊತ್ತಿದ್ದೂ ಸಂಬಂಧಪಟ್ಟ ಮಾಹಿತಿ ಮುಚ್ಚಿಡುವುದನ್ನೂ ನ್ಯೂನತೆ ಎಂದೇ ಸೇರಿಸಲಾಗಿದೆ. ಪತ್ರ ತಲುಪಿದ 7 ದಿನಗಳೊಳಗೆ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಯವರೆಗೆ ಹಳೆಯ ಸ್ವಿಚ್ ಮತ್ತು ಹೊಸೆದ ವೈರ್‌ಗಳನ್ನು ಹಾಗೆಯೇ ಇಟ್ಟಿರುತ್ತೇನೆ, ಬೈಕ್ ಓಡಿಸುವುದಿಲ್ಲ. ಪಿಕಪ್ ವಾಹನ ನೀವೇ ಕಳುಹಿಸಬೇಕು.

ಇಂತಿ,
ವಾಹನದ ಮಾಲೀಕ,
ತುಮಕೂರು

ಲಗತ್ತು: ಜಾಬ್ ಕಾರ್ಡ್ ಮತ್ತು ಬಿಲ್‌ನ ಪ್ರತಿ, ಹೊಸೆದ ವೈರ್ ಹಾಗೂ ಕಿಲುಬು ಹಿಡಿದ ಸ್ವಿಚ್‌ನ ಫೋಟೊಗಳು.
ಪ್ರತಿ: ತಯಾರಕ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ.