ಹಳೇ ಗೇರ್ ಆಯಿಲ್ ಕೊಡಲು ಊರಲ್ಲೊಂದು ಜಾಗ ಬೇಕು

ಸಂಪಾದಕರಿಗೆ ನಮಸ್ಕಾರ.

ಮಂಗಳೂರಿನಲ್ಲಿ ಆಟೋಮ್ಯಾಟಿಕ್ ಕಾರುಗಳು ಜಾಸ್ತಿಯಾಗಿವೆ. ನಂತೂರು, ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದು ಸಾಕಾದವರು ಅದನ್ನೇ ಕೇಳಿ ಕೊಳ್ಳುತ್ತಾರೆ. ಅವುಗಳ ಗೇರ್‌ಬಾಕ್ಸ್ ಆಯಿಲನ್ನು ಮನೆಯ ಅಂಗಳದಲ್ಲೇ ಬದಲಿಸುವವರೂ ಇದ್ದಾರೆ. ನಾನೂ ಅವರಲ್ಲೊಬ್ಬ. ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವನು, ಈಗ ನಿವೃತ್ತ.

‘ಈ ಆಯಿಲ್ ಲೈಫ್‌ಟೈಮ್, ಮುಟ್ಟುವುದೇ ಬೇಡ’ ಎಂದು ಹೇಳುವವರು ಬಹಳ ಮಂದಿ. ದಯವಿಟ್ಟು ಒಪ್ಪಬೇಡಿ. ಹತ್ತಾರು ಕಾರ್ ಕಂಪನಿಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚಿನ ಬದಲು ಕೂರುವ ಭಾಗ) ಇರುವ ಗಾಡಿಯಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದೇ ಈ ಆಯಿಲಿನ ಮೂಲಕ. ಶಿರಾಡಿ, ಚಾರ್ಮಾಡಿ ಏರಿನಲ್ಲಿ ಲಾರಿಗಳ ಹಿಂದೆ ನಿಧಾನಕ್ಕೆ ಹತ್ತುವಾಗ ಅದು ಸಿಕ್ಕಾಪಟ್ಟೆ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಬೇಗ ಹಾಳು.

ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಕೂಡದು. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಇಡಲೇಬೇಕು. ಕಾರು ನಾಲ್ಕೂ ಕಡೆ ಸಮ ಇರಬೇಕು. ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟಿಗೆ ಕೈಹಾಕಿ. ನಮ್ಮ ಕಡಲ ಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ, ಅಲ್ವಾ? ಆಯಿಲ್ ಖಾಲಿ ಮಾಡಿದ ಮೇಲೆ ತುಂಬುವ ಬೋಲ್ಟ್ ಬಿಚ್ಚದಿದ್ದರೆ ಕಾರು ಅಲ್ಲೇ ಬಾಕಿ.

ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪಗೆ ಇರುತ್ತದೆ. ನನ್ನ ಕಾರಿನಿಂದ ಇಳಿದದ್ದು ಕಪ್ಪು ಕಾಫಿಯ ಬಣ್ಣದ್ದು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟೆ. ಅಂಚಿನಲ್ಲಿ ಮಾತ್ರ ಸ್ವಲ್ಪ ಕೆಂಪು ಕಂಡಿತು. ಸುಟ್ಟ ವಾಸನೆ ಇರಲಿಲ್ಲ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ಗೆ ಬೂದು ಬಣ್ಣದ ನುಣುಪು ಹಿಟ್ಟು ಅಂಟಿತ್ತು. ಅದು ಮಾಮೂಲಿ ಸವೆತ, ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವಂಥ ಲೋಹದ ಚೂರು ಸಿಕ್ಕಿದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ಎಷ್ಟು ಇಳಿಯಿತೋ ಅಳೆದು ಅಷ್ಟೇ ತುಂಬಬೇಕು. ಬೋಲ್ಟಿಗೆ ಹೊಸ ವಾಷರ್ ಹಾಕಿ. ಆಮೇಲೆ ಎಂಜಿನ್ ಓಡುತ್ತಿರುವಾಗ, ಬ್ರೇಕ್ ತುಳಿದು, ಗೇರ್ ಲಿವರನ್ನು ಎಲ್ಲ ಸ್ಥಾನಕ್ಕೂ ನಿಧಾನವಾಗಿ ಒಯ್ದು ತರಬೇಕು. ಕಾರಿನ ಪುಸ್ತಕದಲ್ಲಿ ಹೇಳಿದ ಉಷ್ಣತೆಗೆ ಆಯಿಲ್ ಬಂದಾಗಲೇ ಮಟ್ಟ ನೋಡಬೇಕು. ಯಾವ ಆಯಿಲ್ ಎಂಬುದಕ್ಕೂ ಆ ಪುಸ್ತಕವೇ ಗತಿ. ಸಿವಿಟಿ, ಅಂದರೆ ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ಓಡುವ ಗೇರ್‌ಬಾಕ್ಸಿಗೆ ಸಿವಿಟಿ ಆಯಿಲೇ ಆಗಬೇಕು.

ನಾನು ಈ ಪತ್ರ ಬರೆಯಲು ಕಾರಣವಾದ ವಿಷಯ ಇನ್ನು ಮುಂದಿನದ್ದು. ಡ್ರೈನ್ ಬೋಲ್ಟ್ ತೆಗೆದರೆ ಇಡೀ ಆಯಿಲ್ ಇಳಿಯುವುದಿಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ, ಪೈಪುಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ಜಾಸ್ತಿಯೋ ಉಳಿದುಬಿಡುತ್ತದೆ. ಒಟ್ಟು 7 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಮೂರೂವರೆ ಲೀಟರ್ ಇಳಿಯಿತು ಅಂದುಕೊಳ್ಳಿ. ಒಮ್ಮೆ ಬದಲಿಸಿದರೆ ಅರ್ಧ ಹೊಸತು. ಕೆಲವು ದಿನ ಓಡಿಸಿ ಮತ್ತೆ ಬದಲಿಸಿದರೆ ಮುಕ್ಕಾಲು ಹೊಸತು. ಹೀಗೆ ಎರಡು ಸಲ ಮಾಡುವಷ್ಟರಲ್ಲಿ 7 ಲೀಟರ್ ಹಳೇ ಆಯಿಲ್ ಕ್ಯಾನಿನಲ್ಲಿ ಕೂತಿರುತ್ತದೆ. ಅದನ್ನು ಯಾರಿಗೆ ಕೊಡುವುದು?

ಗೆದ್ದಲು ಹಿಡಿಯಬಾರದೆಂದು ಬೇಲಿಯ ಕಂಬಕ್ಕೆ ಬಳಿಯುವವರಿದ್ದಾರೆ. ಸೆಂಟ್ರಿಂಗ್ ಹಲಗೆಗೆ ಹಚ್ಚುವವರಿದ್ದಾರೆ. ರಾತ್ರಿ ಸದ್ದಿಲ್ಲದೆ ಚರಂಡಿಗೆ ಸುರಿಯುವವರೂ ಇದ್ದಾರೆ. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಮಳೆ ಹಿಡಿದರೆ ಅಂಗಳದಲ್ಲಿ ಬಿದ್ದದ್ದೆಲ್ಲ ನೀರಿನ ಜೊತೆ ಇಳಿಯುತ್ತದೆ. ಪಕ್ಕದಲ್ಲೇ ಬಾವಿ. ಚರಂಡಿಗೆ ಹೋದದ್ದು ತೋಡಿಗೆ, ತೋಡಿನಿಂದ ಹೊಳೆಗೆ. ಫಲ್ಗುಣಿಯಾಗಲಿ ನೇತ್ರಾವತಿಯಾಗಲಿ, ಕೊನೆಗೆ ಅಳಿವೆಬಾಗಿಲಿಗೆ. ಅಲ್ಲೇ ನಾವು ತಿನ್ನುವ ಮೀನು, ಮರುವಾಯಿ ಚಿಪ್ಪು.

ಹಡಗಿನಲ್ಲಿ ಹೀಗಿರಲಿಲ್ಲ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಉಂಟು. ಎಂಜಿನ್ ರೂಮಿನ ತಳದಲ್ಲಿ ಸೇರಿದ ನೀರಿನಲ್ಲಿ ಹತ್ತು ಲಕ್ಷಕ್ಕೆ 15 ಪಾಲಿಗಿಂತ ಜಾಸ್ತಿ ಎಣ್ಣೆ ಇದ್ದರೆ ಸಮುದ್ರಕ್ಕೆ ಬಿಡುವಂತಿಲ್ಲ. ಎಣ್ಣೆ ಕಸ ಎಷ್ಟಾಯಿತು, ಎಲ್ಲಿ ಕೊಟ್ಟೆವು ಎಂಬುದನ್ನೆಲ್ಲ ಆಯಿಲ್ ರೆಕಾರ್ಡ್ ಬುಕ್‌ನಲ್ಲಿ ಬರೆದು ಸಹಿ ಹಾಕಬೇಕು. ಸುಳ್ಳು ಬರೆದ ಎಂಜಿನಿಯರುಗಳು ಅಮೆರಿಕದಲ್ಲಿ ಜೈಲಿಗೆ ಹೋಗಿದ್ದಾರೆ. ಪಣಂಬೂರಿಗೆ ಬರುವ ಹಡಗುಗಳಿಗೂ ಇದೇ ಕಾನೂನು. ಬಂದರಿಗೆ ಇಷ್ಟು ಹತ್ತಿರ ಇರುವ ನಮ್ಮ ಅಂಗಳಗಳಿಗೆ ಮಾತ್ರ ಲೆಕ್ಕ ಕೇಳುವವರಿಲ್ಲ. ನನಗೆ ಇದು ಸಹಿಸಲಾಗುವುದಿಲ್ಲ.

ಕಾನೂನು ನಮ್ಮಲ್ಲೂ ಉಂಟು. ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯಿಂದಾಗಿ 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆ ಆಯಿಲ್ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೂ ಬಿದ್ದಿದೆ. ಈ ಹಳೇ ಆಯಿಲನ್ನು ಶುದ್ಧ ಮಾಡಿ ಮತ್ತೆ ಬಳಸಬಹುದು, ಅದು ಬೆಲೆ ಇರುವ ವಸ್ತು. ಕಾರಿರುವ ಒಬ್ಬ ಸಾಮಾನ್ಯ ಮನುಷ್ಯ ಕ್ಯಾನ್ ಹಿಡಿದುಕೊಂಡು ಹೋಗಲು ಒಂದು ಬಾಗಿಲು ಬೇಕು, ಅಷ್ಟೇ.

ನನ್ನ ಕೋರಿಕೆ ಇಷ್ಟು. ಸುರತ್ಕಲ್ ಕಡೆ ಒಂದು, ಪೇಟೆಯೊಳಗೆ ಒಂದು ಕಡೆ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹಳೇ ಆಯಿಲ್ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಪಾಲಿಕೆ ಮಾಡಲಿ. ಆಯಿಲ್ ಮಾರುವ ಅಂಗಡಿಯವರು, ಪರವಾನಗಿ ಇರುವ ಮರುಬಳಕೆದಾರರು ಜೊತೆಗೂಡಲಿ. ಮುಚ್ಚಳವಿರುವ ಡ್ರಮ್, ಅದರಡಿ ಒಂದು ಟ್ರೇ, ಮೇಲೊಂದು ಮಾಡು, ಯಾರು ಎಷ್ಟು ತಂದರು ಎಂದು ಬರೆಯಲು ಒಂದು ಪುಸ್ತಕ. ಇಷ್ಟಿದ್ದರೆ ಶುರು ಮಾಡಬಹುದು. ತರುವವರು ಕೂಲೆಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಬೆರೆಸದೆ ತರಬೇಕು. ಬೆರೆಸಿದರೆ ಶುದ್ಧ ಮಾಡುವುದು ಕಷ್ಟ. ಡ್ರಮ್ಮಿನ ಪಕ್ಕ ನಿಂತು ನೋಡಿಕೊಳ್ಳಲು ಜನ ಇಲ್ಲ ಎಂದಾದರೆ ನಾನು ಬರುತ್ತೇನೆ. ಸಂಬಳ ಬೇಡ.

ನಿವೃತ್ತ ಮೆರೈನ್ ಫಿಟ್ಟರ್
ಕುಳಾಯಿ, ಮಂಗಳೂರು