ಈ ಸಲ ಮೇಲೆ ಹೋಗ್ತೀವಾ?

ಕವೆಂಟ್ರಿ
ಭಾನುವಾರ, 3 ಆಗಸ್ಟ್ 2025

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ನಮಸ್ಕಾರಗಳು. ಪುಟ್ಟಿಗೆ ಆಶೀರ್ವಾದ, ಅವಳು ಬೇಡ ಅಂದರೂ.

ನಾನು ಕ್ಷೇಮ. ಮನೆ, ಕೆಲಸ, ಆರೋಗ್ಯದ ಸುದ್ದಿಯೆಲ್ಲ ಮೊನ್ನೆ ಫೋನಿನಲ್ಲೇ ಆಯಿತು. ಕವೆಂಟ್ರಿ ಸಿಟಿ ಫುಟ್‌ಬಾಲ್ ಟೀಮಿನ ಬಗ್ಗೆ ಅಪ್ಪ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಆಗ ಉತ್ತರ ಹೇಳಲಾಗಲಿಲ್ಲ. "ನಿಮ್ಮ ಟೀಮು ಈ ಸಲವಾದರೂ ಮೇಲೆ ಹೋಗುತ್ತೋ ಇಲ್ಲವೋ?" ಹೌದು ಅನ್ನಲು ಧೈರ್ಯ ಸಾಲಲಿಲ್ಲ, ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಶನಿವಾರ ನಮ್ಮ ಹೊಸ ಸೀಸನ್ ಶುರುವಾಗುತ್ತದೆ. ಅಷ್ಟರೊಳಗೆ ನನ್ನ ಲೆಕ್ಕ ಬರೆದು ಕಳಿಸುತ್ತಿದ್ದೇನೆ. ಅಮ್ಮಾ, ನಿನಗೆ ಬೇಜಾರಾದರೆ ಕೊನೆಯ ಪುಟಕ್ಕೆ ಹೋಗು.

ಅಪ್ಪ, ನೀವು ಕ್ರಿಕೆಟ್ ಬಿಟ್ಟು ಬೇರೆ ನೋಡಿದವರಲ್ಲ, ಅದಕ್ಕೆ ರಣಜಿಯಿಂದಲೇ ಶುರು ಮಾಡುತ್ತೇನೆ. ರಣಜಿಯಲ್ಲಿ ಎಲೀಟ್‌ನಿಂದ ಪ್ಲೇಟ್‌ಗೆ ಇಳಿಸುತ್ತಾರಲ್ಲ, ಇಲ್ಲಿಯೂ ಹಾಗೇ, ಮೆಟ್ಟಿಲು ಮಾತ್ರ ಜಾಸ್ತಿ. ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್. ಅದರ ಕೆಳಗೆ ನಾವಿರುವ ಚಾಂಪಿಯನ್‌ಶಿಪ್. ಆಮೇಲೆ ಲೀಗ್ ಒನ್, ಲೀಗ್ ಟೂ. ಚಾಂಪಿಯನ್‌ಶಿಪ್‌ನಲ್ಲಿ 24 ಟೀಮುಗಳು, ಪ್ರತಿಯೊಬ್ಬರಿಗೂ 46 ಪಂದ್ಯ. ಮೊದಲ ಎರಡು ಸ್ಥಾನ ಹಿಡಿದವರು ನೇರವಾಗಿ ಮೇಲೆ. ಮೂರರಿಂದ ಆರನೇ ಸ್ಥಾನದವರು ಪ್ಲೇಆಫ್ ಆಡಬೇಕು, ಆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಬಡ್ತಿ.

ಕವೆಂಟ್ರಿ ಸಿಟಿ 1967ರಲ್ಲಿ ಮೇಲಿನ ಲೀಗ್ ಸೇರಿ 34 ವರ್ಷ ಅಲ್ಲೇ ಇತ್ತು. ನಡುವೆ 1987ರಲ್ಲಿ ಟಾಟನ್‌ಹ್ಯಾಮ್‌ನ 3-2ರಿಂದ ಸೋಲಿಸಿ ಎಫ್‌ಎ ಕಪ್ ಅನ್ನುವ ನಾಕೌಟ್ ಟೂರ್ನಿ ಗೆದ್ದಿತ್ತು. 2001ರಲ್ಲಿ ಕೆಳಗಿಳಿದದ್ದು ಇವತ್ತಿಗೂ ವಾಪಸು ಹೋಗಿಲ್ಲ. ಹೋಗುವುದಿರಲಿ, 2012ರಲ್ಲಿ ಲೀಗ್ ಒನ್‌ಗೂ 2017ರಲ್ಲಿ ಲೀಗ್ ಟೂಗೂ ಜಾರಿದೆವು. ಬಾಡಿಗೆ ಜಗಳದಲ್ಲಿ ಮೈದಾನವೇ ಇಲ್ಲದೆ ಒಮ್ಮೆ ನಾರ್ಥಾಂಪ್ಟನ್‌ನಲ್ಲಿ, ಇನ್ನೊಮ್ಮೆ ಬರ್ಮಿಂಗ್‌ಹ್ಯಾಮ್‌ನಲ್ಲಿ "ಮನೆ ಪಂದ್ಯ" ಆಡಿದವರು ನಾವು. ("ನಾವು" ಅಂತ ಬರೆದದ್ದಕ್ಕೆ ಪುಟ್ಟಿ ನಗುತ್ತಾಳೆ ಅಂತ ಗೊತ್ತು. 2001ರಲ್ಲಿ ನನಗೆ ಈ ಊರಿನ ಹೆಸರೇ ಗೊತ್ತಿರಲಿಲ್ಲ. ನಗಲಿ.) ಅಲ್ಲಿಂದ ಎತ್ತಿ ತಂದವರು ಕೋಚ್ ಮಾರ್ಕ್ ರಾಬಿನ್ಸ್. 2018ರಲ್ಲಿ ಒಂದು ಮೆಟ್ಟಿಲು, 2020ರಲ್ಲಿ ಇನ್ನೊಂದು. ಹೋದ ನವೆಂಬರಿನಲ್ಲಿ ಟೀಮು 17ನೇ ಸ್ಥಾನದಲ್ಲಿದ್ದಾಗ ಅವರನ್ನು ತೆಗೆದು, ಆ ತಿಂಗಳ ಕೊನೆಗೆ ಫ್ರಾಂಕ್ ಲ್ಯಾಂಪಾರ್ಡ್‌ರನ್ನು ತಂದರು. ಹೌದು ಪುಟ್ಟಿ, ನಿನ್ನ ಚೆಲ್ಸಿಯ ಲ್ಯಾಂಪಾರ್ಡೇ. ಆಟಗಾರನಾಗಿ ದೊಡ್ಡವರು, ಕೋಚ್ ಆಗಿ ಏನು ಕಿಸಿದಿದ್ದಾರೆ ಅಂತ ಆಗ ನಾನೂ ಗೊಣಗಿದ್ದೆ. ಅವರು ಅದೇ ಟೀಮನ್ನು ಹಿಡಿದುಕೊಂಡು ಮೇ ತಿಂಗಳ ಹೊತ್ತಿಗೆ 69 ಪಾಯಿಂಟ್‌ಗಳೊಂದಿಗೆ ಐದನೇ ಸ್ಥಾನಕ್ಕೆ ತಂದು ನಿಲ್ಲಿಸಿದರು.

ಪ್ಲೇಆಫ್ ಸೆಮಿಫೈನಲ್ ಸಂಡರ್‌ಲ್ಯಾಂಡ್ ಜೊತೆ. ಇಲ್ಲಿ ನಡೆದ ಮೊದಲ ಪಂದ್ಯದಲ್ಲಿ ಚೆಂಡು ಹೆಚ್ಚು ಹೊತ್ತು ನಮ್ಮ ಕಾಲಲ್ಲೇ ಇತ್ತು, ಗೆದ್ದವರು ಅವರು, 2-1. ಕೊನೆಯ ನಿಮಿಷಗಳಲ್ಲಿ ನಮ್ಮ ಮಿಲಾನ್ ವಾನ್ ಎವೈಕ್ ಹಿಂದಕ್ಕೆ ಕೊಟ್ಟ ಪಾಸ್ ಎದುರಾಳಿಯ ಕಾಲಿಗೇ ಹೋಯಿತು. ಅಲ್ಲಿ ಹೋಗಿ ಆಡಿದ ಎರಡನೇ ಪಂದ್ಯದಲ್ಲಿ ಎಫ್ರಾನ್ ಮೇಸನ್-ಕ್ಲಾರ್ಕ್ ಗೋಲು ಹೊಡೆದು ಎರಡೂ ಪಂದ್ಯ ಸೇರಿದ ಲೆಕ್ಕ ಸಮ ಮಾಡಿದ. ಹೆಚ್ಚುವರಿ ಸಮಯವೂ ಮುಗಿದು ಇನ್ನೇನು ಪೆನಾಲ್ಟಿ ಅನ್ನುವಾಗ, 122ನೇ ನಿಮಿಷದಲ್ಲಿ, ಒಂದು ಕಾರ್ನರ್, ಡ್ಯಾನ್ ಬಲಾರ್ಡ್‌ನ ಹೆಡರ್, ಮುಗಿಯಿತು. ಹನ್ನೊಂದು ದಿನದ ಮೇಲೆ ಸಂಡರ್‌ಲ್ಯಾಂಡ್ ಫೈನಲ್ಲನ್ನೂ ಕೊನೆಗಳಿಗೆಯಲ್ಲೇ ಗೆದ್ದು ಮೇಲೆ ಹೋಯಿತು.

ಇಲ್ಲಿ ಎಲ್ಲರ ಬಾಯಲ್ಲೂ ಇವತ್ತಿಗೂ ಆ 122ನೇ ನಿಮಿಷದ್ದೇ ಮಾತು. ನನ್ನ ವಾದ ಬೇರೆ. ನಮ್ಮ ಬಡ್ತಿ ತಪ್ಪಿದ್ದು ಮೇ ತಿಂಗಳಲ್ಲಲ್ಲ, ಅದರ ಹಿಂದಿನ ಆಗಸ್ಟ್‌ನಿಂದ ನವೆಂಬರ್ ಒಳಗೆ. ಲೀಡ್ಸ್, ಬರ್ನ್ಲಿ ಎರಡೂ ನೇರವಾಗಿ ಹೋದದ್ದು ತಲಾ 100 ಪಾಯಿಂಟ್‌ಗಳಿಂದ. ಅದು ಅತಿಯಾಯಿತು ಅನ್ನೋಣ. ಹಿಂದಿನ ವರ್ಷ ಎರಡನೇ ಸ್ಥಾನದ ಇಪ್ಸ್‌ವಿಚ್ 96, ಅದರ ಹಿಂದೆ ಶೆಫೀಲ್ಡ್ ಯುನೈಟೆಡ್ 91, ಇನ್ನೂ ಹಿಂದೆ ಬೋರ್ನ್‌ಮತ್ 88. ಅಂದರೆ ಹೆಚ್ಚುಕಡಿಮೆ 90 ಬೇಕು, ಪಂದ್ಯಕ್ಕೆ ಎರಡು ಪಾಯಿಂಟ್‌ನ ಹಾಗೆ. ನಮ್ಮ 69ಕ್ಕೆ ಇನ್ನೂ 21 ಸೇರಬೇಕು. ಗೆಲುವಿಗೆ ಮೂರು ಪಾಯಿಂಟ್‌ನಂತೆ ಏಳು ಸೋಲುಗಳು ಏಳು ಗೆಲುವುಗಳಾಗಬೇಕು! ಲ್ಯಾಂಪಾರ್ಡ್ ಬಂದ ಮೇಲೆ ಆಡಿದ ಹಾಗೆ ಮೊದಲ ದಿನದಿಂದಲೇ ಆಡಿದರೆ ಆ ಅಂತರದ ಬಹುಪಾಲು ತುಂಬುತ್ತದೆ, ಪೂರ್ತಿ ಅಲ್ಲ. ಉಳಿದದ್ದನ್ನು ಆಟಗಾರರು ತುಂಬಬೇಕು.

ಪ್ಲೇಆಫ್ ನೆಚ್ಚಿಕೊಳ್ಳುವ ಹಾಗೇ ಇಲ್ಲ. 2023ರಲ್ಲಿ ಫೈನಲ್ ತನಕ ಹೋಗಿ ಲೂಟನ್‌ಗೆ ಪೆನಾಲ್ಟಿಯಲ್ಲಿ ಸೋತೆವು. 2024ರಲ್ಲಿ, ಅದು ಎಫ್‌ಎ ಕಪ್ ಸೆಮಿಫೈನಲ್, ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಮೂರು ಗೋಲು ಹಿಂದಿದ್ದವರು 3-3 ಮಾಡಿ, ಹೆಚ್ಚುವರಿ ಸಮಯದ ಕೊನೆಯಲ್ಲಿ ನಾಲ್ಕನೆಯದನ್ನೂ ಹೊಡೆದೆವು. ವಿಎಆರ್ (ವಿಡಿಯೊ ರೆಫರಿ) ನೋಡಿ ಆಫ್‌ಸೈಡ್ ಅಂದರು. ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಆ ಎರಡೂ ಪಂದ್ಯ ನಡೆದ ಲಂಡನ್ನಿನ ವೆಂಬ್ಲಿ ಮೈದಾನ ನಮಗೆ ಆಗಿಬರುವುದಿಲ್ಲ ಅನ್ನುವ ಮಾತನ್ನು ನಾನು ನಂಬುವವನಲ್ಲ. ಆದರೂ 46 ಪಂದ್ಯದ ದುಡಿಮೆಯನ್ನು ಒಂದು ಕಾರ್ನರ್‌ಗೆ ಒತ್ತೆಯಿಡುವುದು ಜಾಣತನವಲ್ಲ. ಹೋದ ವರ್ಷ 90 ಪಾಯಿಂಟ್ ಪಡೆದ ಶೆಫೀಲ್ಡ್ ಯುನೈಟೆಡ್ ಅಲ್ಲೇ ಉಳಿಯಿತು, 76 ಪಡೆದ ಸಂಡರ್‌ಲ್ಯಾಂಡ್ ಮೇಲೆ ಹೋಯಿತು.

ಇನ್ನು ಆಟಗಾರರು. ನಮ್ಮ ಮಿಡ್‌ಫೀಲ್ಡ್ ಈ ಲೀಗ್‌ನ ಯಾವ ಟೀಮಿಗೂ ಕಮ್ಮಿಯಿಲ್ಲ. ಚಳಿಗಾಲದ ಟ್ರಾನ್ಸ್‌ಫರ್‌ನಲ್ಲಿ ಸ್ವಾನ್ಸಿಯಿಂದ ಮ್ಯಾಟ್ ಗ್ರೈಮ್ಸ್ ಬಂದ. ಓಟ ಇಲ್ಲ, ಅಬ್ಬರ ಇಲ್ಲ, ಅವನ ಹೆಸರಿನ ಜೆರ್ಸಿಯನ್ನು ಹುಡುಗರು ಕೊಳ್ಳುವುದೂ ಇಲ್ಲ. ಆದರೆ ಚೆಂಡು ಅವನ ಎಡಗಾಲಿಗೆ ಬಂತೆಂದರೆ ಮಿಕ್ಕವರಿಗೆಲ್ಲ ಉಸಿರಾಡಲು ಸಮಯ ಸಿಗುತ್ತದೆ. ಅಪ್ಪ, ನಿಮಗೆ ದ್ರಾವಿಡ್ ಕ್ರೀಸಿನಲ್ಲಿದ್ದಾಗ ಇರುತ್ತಿದ್ದ ನೆಮ್ಮದಿ ಇದೆಯಲ್ಲ, ಅಂಥದ್ದು. ಅವನ ಮುಂದೆ ಜ್ಯಾಕ್ ರುಡೋನಿ. ಹಡರ್ಸ್‌ಫೀಲ್ಡ್‌ನಿಂದ ಬಂದವನು, ಎದುರಾಳಿಯ ಪೆನಾಲ್ಟಿ ಪೆಟ್ಟಿಗೆಯೊಳಗೆ ಸರಿಯಾದ ಗಳಿಗೆಗೆ ನುಗ್ಗುವ ವಿದ್ಯೆ ಅವನಿಗೆ ಒಲಿದಿದೆ. ಸೆಮಿಫೈನಲ್‌ನ ಮೊದಲ ಪಂದ್ಯದ ಗೋಲು ಅವನದೇ. ಲ್ಯಾಂಪಾರ್ಡ್ ಆಟಗಾರನಾಗಿ ಬದುಕಿಡೀ ಮಾಡಿದ್ದು ಇದನ್ನೇ, ಹಾಗಾಗಿ ಇವನು ಇನ್ನೂ ಬೆಳೆಯುತ್ತಾನೆ ಅಂತ ನನಗೆ ಭರವಸೆ. ಜಾಶ್ ಎಕಲ್ಸ್, ವಿಕ್ಟರ್ ಟಾರ್ಪ್ ಇದ್ದಾರೆ. ಬೆನ್ ಶೀಫ್ ಒಳ್ಳೆಯ ಆಟಗಾರ, ಗಾಯದಿಂದ ಹೊರಗೆ ಕೂತದ್ದೇ ಹೆಚ್ಚು.

ಮುಂದಿನ ಸಾಲಿನಲ್ಲಿ ಅಮೆರಿಕದ ಹಾಜಿ ರೈಟ್. ಇದೇ ಸಂಡರ್‌ಲ್ಯಾಂಡ್ ಮಾರ್ಚ್‌ನಲ್ಲಿ ಇಲ್ಲಿಗೆ ಬಂದಾಗ ಒಬ್ಬನೇ ಮೂರು ಗೋಲು ಹೊಡೆದು 3-0 ಗೆಲ್ಲಿಸಿದ್ದ. ಅವನನ್ನು ಎಡಗಡೆಗೆ ತಳ್ಳಬಾರದು, ನಡುವೆಯೇ ಆಡಿಸಬೇಕು ಅನ್ನುವುದು ನನ್ನ ಹಟ. ಎಡಗಡೆ ಅವನ ಓಟ ಚಂದ, ನಡುವೆ ಅವನ ಗೋಲು ಚಂದ, ನಮಗೆ ಬೇಕಿರುವುದು ಗೋಲು. ನನ್ನ ಪಕ್ಕದ ಸೀಟಿನ ಹಿರಿಯರು ಇದನ್ನು ಒಪ್ಪುವುದಿಲ್ಲ. ಅವರಿಗೆ ಎಲಿಸ್ ಸಿಮ್ಸ್ ಮೇಲೆ ಪ್ರೀತಿ. ಸಿಮ್ಸ್ ದೊಡ್ಡ ಆಳು, ಹರಿದರೆ ಹೊಳೆಯಂತೆ ಹರಿಯುತ್ತಾನೆ, ಬತ್ತಿದರೆ ತಿಂಗಳುಗಟ್ಟಲೆ ಒಂದು ಗೋಲೂ ಇಲ್ಲ. ಬ್ರ್ಯಾಂಡನ್ ಥಾಮಸ್-ಅಸಾಂಟೆ ಕೊನೆಯ ಅರ್ಧ ಗಂಟೆಗೆ ಹೇಳಿ ಮಾಡಿಸಿದವನು. ಜಪಾನಿನ ತತ್ಸುಹಿರೊ ಸಕಾಮೊಟೊ ಚೆಂಡು ಹಿಡಿದು ತಿರುಗಿದರೆ ಟಿಕೆಟ್ಟಿನ ದುಡ್ಡು ಬಂದ ಹಾಗೆ, ಆದರೆ ತಿರುಗಿದ ಮೇಲೆ ಹೊಡೆಯಬೇಕು ಅನ್ನುವುದನ್ನು ಯಾರಾದರೂ ಅವನಿಗೆ ಹೇಳಬೇಕು.

ನನಗೆ ನಿದ್ದೆಗೆಡಿಸುವುದು ಹಿಂದಿನ ಸಾಲು. ಹೋದ ವರ್ಷ ಸ್ವೀಡನ್ನಿನ ಗೋಲ್‌ಕೀಪರ್ ಆಲಿವರ್ ಡೋವಿನ್‌ಗೆ ಮಂಡಿಯ ಲಿಗಮೆಂಟ್ ಹರಿದು ಸೀಸನ್ ಅರ್ಧಕ್ಕೇ ನಿಂತಿತು. ಆಮೇಲೆ ಗೋಲಿನ ಮುಂದೆ ಯಾರು ನಿಂತರೂ ಡಿಫೆಂಡರುಗಳ ಮುಖದಲ್ಲಿ ಅಳುಕು ಕಾಣುತ್ತಿತ್ತು. ಈಗ ಬ್ರೈಟನ್‌ನಿಂದ ಕಾರ್ಲ್ ರಷ್‌ವರ್ತ್‌ನನ್ನು ಒಂದು ವರ್ಷದ ಲೋನ್ ಮೇಲೆ ತಂದಿದ್ದಾರೆ. ಹಿಂದೆ ಸ್ವಾನ್ಸಿಗೆ ಒಂದಿಡೀ ಸೀಸನ್ ಆಡಿದವನು, ಈ ಲೀಗ್‌ನ ನೂಕಾಟ ತಳ್ಳಾಟ ಗೊತ್ತು. ಈ ಬೇಸಿಗೆಯಲ್ಲಿ ಕ್ಲಬ್ ಮಾಡಿದ ಅತಿ ಒಳ್ಳೆಯ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ಬಾಬಿ ಥಾಮಸ್, ಲಿಯಾಮ್ ಕಿಚಿಂಗ್ ಜೋಡಿ ಗಟ್ಟಿ. ಅವರಲ್ಲೊಬ್ಬರು ಗಾಯಗೊಂಡರೆ? ಅಲ್ಲಿಗೆ ಇನ್ನೊಬ್ಬ ಎತ್ತರದ ಡಿಫೆಂಡರ್ ಬೇಕೇ ಬೇಕು, ಸೆಪ್ಟೆಂಬರ್ 1ಕ್ಕೆ ಟ್ರಾನ್ಸ್‌ಫರ್ ಬಾಗಿಲು ಮುಚ್ಚುತ್ತದೆ. ವಾನ್ ಎವೈಕ್ ಬಗ್ಗೆ ಎರಡೇ ಮಾತು: ಆ ಒಂದು ಪಾಸ್‌ಗಾಗಿ ಅವನನ್ನು ದೂರುವವರು, ಬಲಗಡೆಯ ಗೆರೆಯುದ್ದಕ್ಕೂ ಅವನಷ್ಟು ವೇಗವಾಗಿ ಓಡುವ ಇನ್ನೊಬ್ಬನನ್ನು ಈ ಲೀಗ್‌ನಲ್ಲಿ ತೋರಿಸಲಿ.

ದುಡ್ಡು ಸುರಿದು ನಾಲ್ಕು ಜನರನ್ನು ಕೊಂಡುಕೊಳ್ಳಬಾರದೇ ಅಂತ ನೀವು ಕೇಳುತ್ತೀರಿ. ಚಾಂಪಿಯನ್‌ಶಿಪ್ ಕ್ಲಬ್ಬುಗಳು ಮೂರು ವರ್ಷದಲ್ಲಿ ಒಟ್ಟು 3.9 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ ಅಂತ ನಿಯಮವಿದೆ. ನಮ್ಮ ಸ್ಟೇಡಿಯಂ ಕೂಡ ನಮ್ಮದಲ್ಲ, ಬಾಡಿಗೆಯದು. ಹಾಗಾಗಿ ಮಾರಿಯೇ ಕೊಳ್ಳಬೇಕು. 2023ರ ಫೈನಲ್ ಸೋತ ಬೇಸಿಗೆಯಲ್ಲಿ ವಿಕ್ಟರ್ ಯೋಕೆರೆಸ್‌ನನ್ನು ಪೋರ್ಚುಗಲ್ಲಿನ ಸ್ಪೋರ್ಟಿಂಗ್‌ಗೂ ಗುಸ್ತಾವೊ ಹಾಮರ್‌ನನ್ನು ಶೆಫೀಲ್ಡ್ ಯುನೈಟೆಡ್‌ಗೂ ಮಾರಿದರು. ರೈಟ್, ಸಿಮ್ಸ್, ಸಕಾಮೊಟೊ, ವಾನ್ ಎವೈಕ್ ಎಲ್ಲ ಬಂದದ್ದು ಆಗಲೇ. ಹೋದ ವಾರ ಯೋಕೆರೆಸ್ ಆರ್ಸೆನಲ್ ಸೇರಿದ ಸುದ್ದಿ ಟೀವಿ ತುಂಬ ಇತ್ತು. ಹಾಮರ್ ಹೋದ ಸೀಸನ್‌ನ ಚಾಂಪಿಯನ್‌ಶಿಪ್‌ನ ಶ್ರೇಷ್ಠ ಆಟಗಾರ. ಹೆಮ್ಮೆಪಡಬೇಕೋ ಹೊಟ್ಟೆ ಉರಿದುಕೊಳ್ಳಬೇಕೋ ತಿಳಿಯದು.

ಮೇಲಿನಿಂದ ಇಳಿದು ಬಂದವರಿಗೆ ಈ ಕಷ್ಟ ಇಲ್ಲ. ಪ್ಯಾರಾಶೂಟ್ ಹಣ ಅಂತ ಒಂದಿದೆ. ಪ್ರೀಮಿಯರ್ ಲೀಗ್ ಕ್ಲಬ್ಬುಗಳಿಗೆ ಸಮನಾಗಿ ಹಂಚುವ ಟೀವಿ ಹಣದಲ್ಲಿ ಇಳಿದವರಿಗೆ ಮೊದಲ ವರ್ಷ 55%, ಎರಡನೇ ವರ್ಷ 45%, ಮೂರನೇ ವರ್ಷ 20% ಸಿಗುತ್ತದೆ. ಒಂದೇ ವರ್ಷ ಇದ್ದು ಇಳಿದರೆ ಎರಡು ವರ್ಷಕ್ಕೆ ಮಾತ್ರ. ಈ ಸಲ ಆ ಹಣ ಹಿಡಿದು ಬರುತ್ತಿರುವವರು ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್. ಇವರಲ್ಲಿ ನನಗೆ ಇಪ್ಸ್‌ವಿಚ್ ಭಯ ಜಾಸ್ತಿ. ಸೌತಾಂಪ್ಟನ್ ಇಡೀ ವರ್ಷ ಮೇಲಿದ್ದು 12 ಪಾಯಿಂಟ್ ಗಳಿಸಿ ಬಂದಿದೆ, ಸೋಲಿನ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಕೆಳಗಿನಿಂದ ಬರ್ಮಿಂಗ್‌ಹ್ಯಾಮ್ 111 ಪಾಯಿಂಟ್‌ಗಳ ದಾಖಲೆ ಮಾಡಿ ಬಂದಿದೆ, ಜೊತೆಗೆ ಸತತ ಮೂರು ಬಡ್ತಿ ಪಡೆದ ರೆಕ್ಸಮ್. ಬರ್ಮಿಂಗ್‌ಹ್ಯಾಮ್ ನಮಗೆ ಪಕ್ಕದೂರು, ಆಫೀಸಿನಲ್ಲಿ ಅವರ ಅಭಿಮಾನಿಗಳ ಬಾಯಿ ಈಗಲೇ ಜೋರಾಗಿದೆ.

ಹೋದರೂ ಉಳಿಯುತ್ತೀರಾ ಅನ್ನುವುದು ನಿಮ್ಮ ಮುಂದಿನ ಪ್ರಶ್ನೆ, ನನಗೆ ಗೊತ್ತು. 2023, 2024ರಲ್ಲಿ ಮೇಲೆ ಹೋದ ಆರೂ ಟೀಮುಗಳು ಮರುವರ್ಷವೇ ಇಳಿದಿವೆ. ಆದರೆ ಅಲ್ಲಿ ಕೊನೆಯ ಸ್ಥಾನದವರಿಗೂ ವರ್ಷಕ್ಕೆ 10 ಕೋಟಿ ಪೌಂಡ್‌ಗಿಂತ ಹೆಚ್ಚು ಬರುತ್ತದೆ, ಇಳಿದರೆ ಮೇಲೆ ಹೇಳಿದ ಪ್ಯಾರಾಶೂಟ್. ಅಲ್ಲಿಗೆ ಆಟಗಾರರನ್ನು ಮಾರಿ ಬದುಕುವುದು ತಪ್ಪುತ್ತದೆ. ಲೆಕ್ಕ ಬಿಟ್ಟರೆ, ನನ್ನ ಪಕ್ಕದ ಸೀಟಿನವರ ಮೊಮ್ಮಗನಿಗೆ ಈಗ ಇಪ್ಪತ್ತರ ಮೇಲಾಯಿತು, ಅವನು ತನ್ನ ಟೀಮನ್ನು ಪ್ರೀಮಿಯರ್ ಲೀಗ್‌ನಲ್ಲಿ ನೋಡಿಯೇ ಇಲ್ಲ. ನನಗೆ ಆ ಕಾರಣವೇ ಸಾಕು.

ಸರಿ, ನನ್ನ ಉತ್ತರ. ಈಗಿರುವ ಟೀಮಿನಲ್ಲಿ ಮೂರನೇ ಸ್ಥಾನ, ಅಂದರೆ ಮತ್ತದೇ ಪ್ಲೇಆಫ್. ತಿಂಗಳ ಕೊನೆಯೊಳಗೆ ಆ ಡಿಫೆಂಡರ್ ಬಂದು, ರೈಟ್‌ನನ್ನೋ ರುಡೋನಿಯನ್ನೋ ಯಾರೂ ಎತ್ತಿಕೊಂಡು ಹೋಗದಿದ್ದರೆ ಎರಡನೇ ಸ್ಥಾನ. ಅಕ್ಟೋಬರ್ ಕೊನೆಗೆ ಪಟ್ಟಿ ನೋಡಿ. ಪಂದ್ಯಕ್ಕೆ ಎರಡು ಪಾಯಿಂಟ್ ಬಂದಿದ್ದರೆ ನನಗೆ ಫೋನ್ ಮಾಡಿ, ಬಂದಿಲ್ಲದಿದ್ದರೆ ಹವಾಮಾನದ ಬಗ್ಗೆ ಮಾತಾಡೋಣ.

ಪುಟ್ಟಿ, ಅಲ್ಲಿನ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಈ ಸಲ ತಡೆಹಿಡಿದಿದ್ದಾರೆ ಅಂತ ಓದಿದೆ. ಬೆಂಗಳೂರು ಎಫ್‌ಸಿ ಆಡುವ ತನಕ ನಮ್ಮ ಕಡೆಗೆ ಬಾ, ತಿಳಿನೀಲಿ ಜೆರ್ಸಿ ಒಂದು ಕಳಿಸುತ್ತೇನೆ. ಅಳತೆ ಬರೆದು ಕಳಿಸು, ಹೆಸರು ಯಾರದು ಹಾಕಿಸಲಿ ಅಂತಲೂ. ಗ್ರೈಮ್ಸ್ ಅಂದರೆ ಅರ್ಧ ದುಡ್ಡು ನನ್ನದು.

ಅಮ್ಮಾ, ಶನಿವಾರ ಫೋನ್ ಎತ್ತದಿದ್ದರೆ ಗಾಬರಿಯಾಗಬೇಡ. ಹಲ್ ಸಿಟಿ ಜೊತೆ ಇಲ್ಲೇ ಮೊದಲ ಪಂದ್ಯ. ಹೋದ ವರ್ಷ ಬರೀ ಗೋಲು ವ್ಯತ್ಯಾಸದಿಂದ ಕೆಳಗಿಳಿಯುವುದು ತಪ್ಪಿಸಿಕೊಂಡವರು ಅವರು. ಅವರನ್ನೂ ಸೋಲಿಸದಿದ್ದರೆ ಮೇಲೆ ಬರೆದದ್ದನ್ನೆಲ್ಲ ಅಪ್ಪ ಹರಿದು ಹಾಕಬಹುದು. ಭಾನುವಾರ ನಾನೇ ಮಾಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗ