ಕ್ಷಮಾದಾನದ ಕಡತ ಕೋರ್ಟಿನ ಕಣ್ಣಿಗೂ ಬೀಳಲಿ

ಮಾನ್ಯ ಸಂಪಾದಕರೇ,

ಗಲ್ಲು ಶಿಕ್ಷೆಯ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳುತ್ತಲೇ ಇರುತ್ತೇನೆ. ‘ರಾಷ್ಟ್ರಪತಿಗಳೇ ಕ್ಷಮಾದಾನ ಆಗಲ್ಲ ಅಂದ ಮೇಲೆ ಮತ್ತೆ ಕೋರ್ಟಿಗೆ ಯಾಕೆ ಹೋಗ್ಬೇಕು, ಸುಮ್ನೆ ಎಳೀತಾರೆ’ ಅಂತ. ಕೊಲೆಯಾದವರ ಮನೆಯವರು ವರ್ಷಗಟ್ಟಲೆ ಕಾದು ಸೋತಿರುತ್ತಾರೆ, ಅವರು ಹೀಗಂದರೆ ನನಗೆ ಅರ್ಥವಾಗುತ್ತದೆ. ಆದರೆ ಈಗ ಕಾನೂನೇ ಹಾಗೆ ಹೇಳುತ್ತಿದೆ. ಕ್ರಿಮಿನಲ್ ಕೇಸುಗಳನ್ನು ಹೇಗೆ ನಡೆಸಬೇಕು ಅಂತ ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಂ ತೆಗೆದು ನೋಡಿ. ಕ್ಷಮಾದಾನದಲ್ಲಿ ರಾಷ್ಟ್ರಪತಿ, ರಾಜ್ಯಪಾಲರ ಆದೇಶವೇ ಕೊನೆ, ಆ ತೀರ್ಮಾನಕ್ಕೆ ಹೇಗೆ ಬಂದರು ಅಂತ ಯಾವ ಕೋರ್ಟೂ ವಿಚಾರಿಸುವಂತಿಲ್ಲ ಎಂದಿದೆ. ಈ ಸಾಲನ್ನು ತೆಗೆಯಲೇಬೇಕು.

ಕೋರ್ಟ್ ಇಲ್ಲಿ ಕೊಲೆ ಮಾಡಿದವರು ಯಾರು ಅಂತ ಮತ್ತೆ ವಿಚಾರಣೆ ಮಾಡುವುದಿಲ್ಲ. ಕಡತ ನೋಡುತ್ತದೆ, ಅಷ್ಟೇ. ರಾಷ್ಟ್ರಪತಿಗಳು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು, ಅವರ ಮೇಜಿಗೆ ಬರುವುದು ಗೃಹ ಸಚಿವಾಲಯ ಬರೆದು ಕಳಿಸಿದ ಟಿಪ್ಪಣಿ. ಆ ಟಿಪ್ಪಣಿಯಲ್ಲೇ ಮುಖ್ಯ ಸಂಗತಿ ಬಿಟ್ಟು ಹೋದರೆ? ಹರಿಯಾಣದ ಒಂದು ಪ್ರಕರಣದಲ್ಲಿ ಹಾಗೇ ಆಯಿತು. ಅತ್ಯಾಚಾರದ ಶಿಕ್ಷೆ ಅನುಭವಿಸುತ್ತಿದ್ದವನು ಪೆರೋಲ್ ಮೇಲೆ ಹೊರಬಂದು ದೂರು ಕೊಟ್ಟ ಹುಡುಗಿಯ ಮನೆಯ ಐವರನ್ನು ಕೊಂದಿದ್ದ, ಗಲ್ಲು ಶಿಕ್ಷೆ ಆಯಿತು. ಆಮೇಲೆ 2003ರಲ್ಲಿ ಆ ಅತ್ಯಾಚಾರದ ಕೇಸಿನಲ್ಲಿ ಹೈಕೋರ್ಟ್ ಅವನನ್ನು ಖುಲಾಸೆ ಮಾಡಿತು. ಈ ಖುಲಾಸೆಯ ವಿಷಯ ರಾಷ್ಟ್ರಪತಿಗಳ ಮುಂದೆ ಹೋಗಲೇ ಇಲ್ಲ. 2013ರಲ್ಲಿ ಅರ್ಜಿ ತಿರಸ್ಕಾರವಾಯಿತು. ಐದು ಜನರನ್ನು ಕೊಂದವನ ಮೇಲೆ ನನಗೆ ಕನಿಕರ ಇಲ್ಲ, ಆದರೆ ಅರ್ಧ ಕಡತ ಓದಿಸಿ ಒಬ್ಬ ಮನುಷ್ಯನನ್ನು ನೇಣಿಗೆ ಹಾಕಬಹುದಾ? ಕೋರ್ಟ್ ನೋಡಿದ್ದರಿಂದಲೇ ಅದು ಬಯಲಾಯಿತು.

ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನ ಕಥೆಯೂ ಇದೆ. ವೀರಪ್ಪನ್ ತಂಡ ನಡೆಸಿದ 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತರು. ಆ ಕೇಸಿನಲ್ಲಿ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟಿತು. ಅವರ ಕ್ಷಮಾದಾನ ಅರ್ಜಿಗೆ ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ. ಒಂಬತ್ತು ವರ್ಷ, ಪ್ರತಿ ದಿನ ಬೆಳಗ್ಗೆ ಬಾಗಿಲ ಸದ್ದಾದರೆ ಇವತ್ತೇ ಇರಬೇಕು ಅಂತ ಎದೆ ಹೊಡೆದುಕೊಳ್ಳುವುದು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಈ ನಾಲ್ವರೂ ಸೇರಿ 15 ಜನರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅರ್ಜಿ ತಿರಸ್ಕಾರವಾದ ಸುದ್ದಿ ತಿಳಿಸಿದ ಮೇಲೆ ಕನಿಷ್ಠ 14 ದಿನ ಬಿಡಬೇಕು, ಮನೆಯವರಿಗೂ ತಿಳಿಸಬೇಕು ಅಂತ ಹೇಳಿದ್ದೂ ಅದೇ ತೀರ್ಪು. ಅದರ ಹಿಂದಿನ ವರ್ಷ, ಸಂಸತ್ತಿನ ಮೇಲಿನ ದಾಳಿಯ ಕೇಸಿನ ಅಪರಾಧಿ ಅಫ್ಜಲ್ ಗುರುವನ್ನು ನೇಣಿಗೆ ಹಾಕಿ ಎರಡು ದಿನ ಕಳೆದ ಮೇಲೆ ಅವನ ಹೆಂಡತಿಯ ಕೈಗೆ ಸ್ಪೀಡ್ ಪೋಸ್ಟಿನಲ್ಲಿ ಸರ್ಕಾರದ ಪತ್ರ ಬಂದಿತ್ತು. ಅಪರಾಧ ಎಂಥದ್ದೇ ಇರಲಿ, ಹೆಂಡತಿಗೆ ಹೀಗೆ ತಿಳಿಸುವುದಾ?

ಹಿಂಡಲಗಾದಲ್ಲೇ ಇನ್ನೊಬ್ಬ ಕೈದಿಯನ್ನು ಹತ್ತು ವರ್ಷ ಒಂಟಿ ಸೆರೆಯಲ್ಲಿಟ್ಟಿದ್ದರು. ಅದು ಕಾನೂನಿನಲ್ಲೇ ಇಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲು ತಪ್ಪಿಸಿ, ಕನಿಷ್ಠ 30 ವರ್ಷ ಜೈಲಿನಲ್ಲೇ ಇರಬೇಕು ಅಂದಿತು. ಬಿಡುಗಡೆ ಮಾಡಲಿಲ್ಲ, ಗಮನಿಸಿ.

ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಕೋರ್ಟಿನ ಈ ಬಾಗಿಲು ಕೈದಿಗೆ ಮಾತ್ರ ಅಲ್ಲ. ಆಂಧ್ರದಲ್ಲಿ ಕೊಲೆ ಕೇಸಿನ ಅಪರಾಧಿಯೊಬ್ಬನಿಗೆ ರಾಜ್ಯಪಾಲರು ಶಿಕ್ಷೆ ಮಾಫಿ ಮಾಡಿದ್ದರು, ಅವನು ಒಳ್ಳೆಯ ಕಾಂಗ್ರೆಸ್ ಕಾರ್ಯಕರ್ತ ಅಂತ ವರದಿಯಲ್ಲಿ ಬರೆದಿದ್ದರು. ಕೊಲೆಯಾದವನ ಮಗನೇ ಸುಪ್ರೀಂ ಕೋರ್ಟಿಗೆ ಹೋದ. 2006ರಲ್ಲಿ ಮಾಫಿ ರದ್ದಾಯಿತು. 472ನೇ ಕಲಂನ ಆ ಸಾಲು ಉಳಿದರೆ ನಾಳೆ ಅಂಥ ಮಗ ಎಲ್ಲಿಗೆ ಹೋಗಬೇಕು? ಸಂವಿಧಾನವೇ ಕೋರ್ಟಿಗೆ ಕೊಟ್ಟ ಅಧಿಕಾರವನ್ನು ಇಂಥ ಕಾನೂನು ಕಿತ್ತುಕೊಳ್ಳಲಾರದು ಅಂತ ವಕೀಲರು ವಾದಿಸಬಹುದು, ನಿಜ. ಆದರೆ ಗಲ್ಲಿಗೆ ದಿನ ಗೊತ್ತಾದ ಬಡವನಿಗೆ ಆ ವಾದ ಮಾಡಿಸಲು ಸಮಯ ಎಲ್ಲಿದೆ?

ತಡವಾಗುವುದೇ ಸಿಟ್ಟಿಗೆ ಕಾರಣ ಅಂದರೆ ತಡ ಆಗುವ ಕಡೆ ಸರಿಮಾಡಿ. ಕ್ಷಮಾದಾನ ಅರ್ಜಿಗಳಿಗಾಗಿಯೇ ಪ್ರತಿ ರಾಜ್ಯವೂ ಒಂದು ಘಟಕ ಮಾಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಗೃಹ ಇಲಾಖೆಯಲ್ಲಿ ಆ ಕೆಲಸ ಯಾರ ಕೈಯಲ್ಲಿದೆ, ಯಾವ ಅರ್ಜಿ ಎಷ್ಟು ದಿನದಿಂದ ಯಾರ ಮೇಜಿನ ಮೇಲಿದೆ ಎಂಬುದನ್ನು ಸರ್ಕಾರ ಜನರ ಮುಂದಿಡಲಿ.

ಇಂತಿ,
ಒಬ್ಬ ಓದುಗ, ಬೆಳಗಾವಿ